ಜೊತೆಪೆಟ್ಟಿಗೆಯ ಎರಡನೆಯ ಕುರ್ಚಿ

ಒಬ್ಬರ ಮೂತ್ರಪಿಂಡ ಕೈಕೊಟ್ಟಾಗ ಇನ್ನೊಬ್ಬರ ಮೂತ್ರಪಿಂಡವನ್ನು ನಾಲ್ಕು ತಾಸಿನ ಮಟ್ಟಿಗೆ ಕೈಗಡ ತೆಗೆದುಕೊಳ್ಳುವಂತಿದ್ದರೆ? ಕತ್ತರಿಸುವುದಿಲ್ಲ, ಹೊಲಿಯುವುದಿಲ್ಲ, ಸುಮ್ಮನೆ ಪಕ್ಕದ ಕುರ್ಚಿಯಲ್ಲಿ ಕೂರುವುದು, ಅಷ್ಟೆ. ಈ ಪ್ರಶ್ನೆ ಹುಟ್ಟಿದ್ದು ಯಾವುದೋ ದೊಡ್ಡ ಊರಿನ ಪ್ರಯೋಗಾಲಯದಲ್ಲಿ. ಉತ್ತರಕ್ಕಾಗಿ ಕಾಯುತ್ತಿದ್ದದ್ದು ಮಾತ್ರ ಅಳಿವೆಕೇರಿಯಂಥ ಮೀನುಗಾರರ ಊರುಗಳು.

ಕಡಲು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತ ಬಂದಂತೆ ಬಂಗುಡೆ, ತಾರಲೆ ಮೀನುಗಳೆಲ್ಲ ತಂಪು ನೀರು ಹುಡುಕಿಕೊಂಡು ದೂರ ಹೋದವು. ಖಾಲಿಯಾದ ಜಾಗಕ್ಕೆ ಲೋಳೆಮೀನು ಬಂತು. ಅದರಲ್ಲಿ ಒಂದು ಜಾತಿಗೆ ಊರಿನವರು ನೀಲಿಬಾಲ ಎಂದು ಹೆಸರಿಟ್ಟರು. ನೀರಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ದಾರದಂಥ ಅದರ ಬಾಲಗಳು ಮೈಗೆ ಸುತ್ತಿದರೆ ಕಾದ ಸರಳು ಇಟ್ಟಂಥ ಉರಿ. ಉರಿ ಒಂದು ದಿನದಲ್ಲಿ ಇಳಿಯುತ್ತದೆ. ಎಲ್ಲ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ವಿಷ ತನ್ನ ನಿಜವಾದ ಕೆಲಸ ಶುರು ಮಾಡಿರುತ್ತದೆ. ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಒಡೆದ ಕಣಗಳ ಬಣ್ಣವೆಲ್ಲ ಮೂತ್ರಪಿಂಡದ ಕೂದಲೆಳೆಯಂಥ ಕೊಳವೆಗಳಿಗೆ ಇಳಿದು ಅಲ್ಲಿ ಹೂಳಿನ ಹಾಗೆ ಕಟ್ಟಿಕೊಳ್ಳುತ್ತದೆ. ಮೂತ್ರ ಮೊದಲು ಕೆಂಪಗೆ, ಆಮೇಲೆ ಕರಿಚಹಾದ ಬಣ್ಣಕ್ಕೆ ತಿರುಗುತ್ತದೆ, ಕಡಿಮೆಯಾಗುತ್ತದೆ, ಕಡೆಗೆ ನಿಂತೇಹೋಗುತ್ತದೆ. ಮೈಯ ಕೊಳೆ ಮೈಯಲ್ಲೇ ಉಳಿದು ಮನುಷ್ಯ ಸಾಯುತ್ತಾನೆ. ದೊಡ್ಡಾಸ್ಪತ್ರೆಗಳ ಡಯಾಲಿಸಿಸ್ ಯಂತ್ರಗಳ ಮುಂದೆ ಮೊದಲೇ ಸಾಲು ನಿಂತಿತ್ತು. ಅಷ್ಟು ದೂರ ಹೋಗುವಷ್ಟು ಸಮಯ ಎಷ್ಟೋ ಜನರಿಗೆ ಸಿಗುತ್ತಲೂ ಇರಲಿಲ್ಲ.

ಆಗ ಬಂತು ಈ ಯಂತ್ರ. ಸರ್ಕಾರಿ ಹೆಸರು ಒಂದೂವರೆ ಸಾಲಿನಷ್ಟಿತ್ತು. ಊರಿನ ಬಾಯಲ್ಲಿ ಜೊತೆಪೆಟ್ಟಿಗೆಯಾಯಿತು. ಊಟದ ಕ್ಯಾರಿಯರ್‌ನಷ್ಟು ದೊಡ್ಡದು. ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪೊರೆ. ಪೊರೆಯ ಈಚೆ ರೋಗಿಯ ರಕ್ತ, ಆಚೆ ಗಟ್ಟಿ ಮನುಷ್ಯನ ರಕ್ತ. ಎರಡೂ ಎದುರುಬದುರಾಗಿ ಹರಿಯುತ್ತವೆ, ಬೆರೆಯುವುದಿಲ್ಲ. ರಕ್ತಕಣಗಳು ಪೊರೆ ದಾಟುವುದಿಲ್ಲವಾದ್ದರಿಂದ ರಕ್ತದ ಗುಂಪು ನೋಡುವ ಗೋಜೂ ಇಲ್ಲ. ಕೊಳೆಯೊಂದೇ ದಾಟಿ ಗಟ್ಟಿಯವನ ಮೈಗೆ ಹೋಗುತ್ತದೆ, ಅವನ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಕೂತವನಿಗೆ ಸ್ವಲ್ಪ ಚಳಿ, ತಲೆಭಾರ, ಬಾಯಾರಿಕೆ. ಒಮ್ಮೆ ಕೂತವನು ಮತ್ತೆ ಒಂದು ತಿಂಗಳು ಕೂರುವಂತಿಲ್ಲ. ಕೂರಲು ಹೋದರೆ ಪೆಟ್ಟಿಗೆಯೇ ಒಪ್ಪುವುದಿಲ್ಲ.

ಯಾರು ಯಾರಿಗೆ ಕೂರಬೇಕು ಎಂಬುದನ್ನು ಅಳಿವೆಕೇರಿ ತನ್ನದೇ ರೀತಿಯಲ್ಲಿ ತೀರ್ಮಾನಿಸಿಕೊಂಡಿತು. ಯಾವ ಬೋಟಿನವನಿಗೆ ನೀಲಿಬಾಲ ಬಡಿಯಿತೋ ಆ ಬೋಟಿನವರೇ ಕೂರಬೇಕು. ಒಂದೇ ಬಲೆ ಎಳೆದವರಿಗೆ ಮೀನಿನಲ್ಲಿ ಪಾಲಿದ್ದ ಹಾಗೆ ವಿಷದಲ್ಲೂ ಪಾಲು. ಕೇಳಿದವರೆಲ್ಲ ಭೇಷ್ ಎಂದರು. ಬೇರೆ ಜಿಲ್ಲೆಗಳಿಂದ ಜನ ಬಂದು ನೋಡಿಕೊಂಡು ಹೋದರು.

ಬಂದರಿನ ಹತ್ತಿರದ ಪೆಟ್ಟಿಗೆ ಕೇಂದ್ರವನ್ನು ನಡೆಸುತ್ತಿದ್ದವನು ಭಾಸ್ಕರ ಮೊಗೇರ. ಇದೇ ಊರಿನವನು. ಪ್ರಯೋಗಾಲಯದ ತರಬೇತಿ ಮುಗಿಸಿ ಬಂದವನು. ಸೂಜಿ ಚುಚ್ಚುವುದರಲ್ಲಿ ಅವನ ಕೈ ಎಷ್ಟು ಹಗುರ ಎಂದರೆ, ಕಡಲಿನಲ್ಲಿ ಬಿರುಗಾಳಿಗೆ ಹೆದರದ ಗಂಡಸರು ಅವನ ಹತ್ತಿರ ಬಂದು ಕಣ್ಣುಮುಚ್ಚಿ ಕೈ ನೀಡುತ್ತಿದ್ದರು. ಬಂದರಿನ ಮೂತ್ರಿಯ ಗೋಡೆಗೆ ಬಣ್ಣದ ಪಟ್ಟಿ ಹಚ್ಚಿದವನೂ ಅವನೇ: ತಿಳಿಹಳದಿ ಇದ್ದರೆ ಮನೆಗೆ ಹೋಗು, ಕೆಂಪು ಕಂಡರೆ ನನ್ನ ಹತ್ತಿರ ಬಾ, ಕರಿಚಹಾ ಕಂಡರೆ ಓಡಿ ಬಾ. ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ, "ಎಂತ ಬಣ್ಣ?" ಎಂದು ಕೇಳಲು ಅವನಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿ ಬೈಸಿಕೊಂಡಿದ್ದ. ಕೇಂದ್ರದ ಹೊರಗೆ ಒಂದು ಹಲಗೆ ತೂಗುಹಾಕಿದ್ದ: 'ಈ ಬಂದರಿನಲ್ಲಿ ನೀಲಿಬಾಲದಿಂದ ಸತ್ತವರು: ಸೊನ್ನೆ.'

ಭಾಸ್ಕರನಿಗೆ ಆ ಸೊನ್ನೆಯ ಮೇಲೆ ವಿಪರೀತ ಪ್ರೀತಿ.

ದುರ್ಗಯ್ಯ ತಾಂಡೇಲನಿಗೆ ಬಡಿದ ದಿನ ಕೇಂದ್ರಕ್ಕೆ ಟಿವಿಯವರು ಬರುವುದಿತ್ತು. ತಾಂಡೇಲ ಎಂದರೆ ಬೋಟು ನಡೆಸುವವನು. ದುರ್ಗಯ್ಯ ಇಡೀ ಬಂದರಿಗೇ ಹಿರಿಯ. ಅವನ ಬೋಟಿನ ಶಂಕರ ತಾನು ಕೂರುತ್ತೇನೆಂದು ಮಿಂದು, ಬಿಳಿ ಅಂಗಿ ಹಾಕಿಕೊಂಡು ಬಂದು ನಿಂತಿದ್ದ. ರಕ್ತ ಪರೀಕ್ಷೆಯಲ್ಲೂ ಗೆದ್ದಿದ್ದ. ಭಾಸ್ಕರ ಅವನ ಹೆಗಲ ಮೇಲೆ ಕೈಯಿಟ್ಟು, "ಇವತ್ತು ನೀ ಬಿಡು ಮಾರಾಯ. ತಾಂಡೇಲರಿಗೆ ನಾನೇ ಕೂರ್ತೆ" ಎಂದ.

"ಮತ್ತೆ ಮಿಷನ್ನು ನೋಡುದು ಯಾರು?" ಎಂದು ಶಂಕರ ಕೇಳಿದ.

"ಕೂತ್ಕಂಡೇ ನೋಡ್ತೆ. ನಂಗೆ ಎರಡು ಕೈ ಇಲ್ವಾ?"

ಎರಡು ಕೈಯಲ್ಲಿ ಒಂದಕ್ಕೆ ಸೂಜಿ ಚುಚ್ಚಿತ್ತು, ಇನ್ನೊಂದು ಕ್ಯಾಮೆರಾ ಕಡೆಗೆ ವಿವರಿಸುವುದರಲ್ಲಿ ಮುಳುಗಿತ್ತು. ಜಿಲ್ಲಾ ಕೇಂದ್ರದಿಂದ ಪರದೆಯ ಮೇಲೆ ಮೇಲ್ವಿಚಾರಣೆ ನೋಡುತ್ತಿದ್ದ ಡಾಕ್ಟರ್ ಝೀನತ್ ಹುಬ್ಬು ಗಂಟಿಕ್ಕಿದ್ದನ್ನು ಅವನು ನೋಡಿಯೂ ನೋಡದ ಹಾಗಿದ್ದ. ಯಂತ್ರ ನಡೆಸುವವನು ತುರ್ತಿಲ್ಲದೆ ಕೂರಬಾರದು ಎಂದು ಅವರು ಮೊದಲೇ ಹೇಳಿದ್ದರು. ಸುತ್ತಲೂ ಗಂಡಸರು ಕಿಕ್ಕಿರಿದು ನಿಂತಿದ್ದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಅವನ ಹೆಂಡತಿ ಯಮುನಾ ಕಂಡಳು. ಮೀನು ಆರಿಸುವ ಶೆಡ್ಡಿನಿಂದ ನೇರ ಬಂದಿದ್ದಳು. ಸೀರೆಯ ಅಂಚು ಒದ್ದೆಯಾಗಿ ಮಂಡಿಗೆ ಅಂಟಿತ್ತು, ತೋಳಿಗೆಲ್ಲ ಮೀನಿನ ಹುರುಪೆ. ಒಂದು ಕೈಯಲ್ಲಿ ಬಾಗಿಲ ದಾರಂದ ಹಿಡಿದುಕೊಂಡಿದ್ದಳು. ಟಿವಿಯವರು ತನ್ನ ಚಿತ್ರ ತೆಗೆಯುವುದನ್ನು ನೋಡಲು ಬಂದಿದ್ದಾಳೆ, ಅದೂ ಈ ಅವತಾರದಲ್ಲಿ, ಎಂದುಕೊಂಡು ಭಾಸ್ಕರನಿಗೆ ಇರುಸುಮುರುಸಾಯಿತು. ಮನೆಗೆ ಹೋಗು ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವಳು ಒಂದು ಗಳಿಗೆ ನಿಂತು, ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವನ ತಾಯಿ ಮಾಸ್ತಮ್ಮ ಚಹಾ ತಂದುಕೊಡುತ್ತ, "ಯಮುನಾ ಹೊರಗಾಯ್ತು. ಚಹಾ ನಾನೇ ಮಾಡಿದ್ದು, ಸಕ್ಕರೆ ಸರಿ ಉಂಟಾ ಕಾಣು" ಎಂದಳು.

ಕಡಲಿನ ನೀರು ಬದಲಾಗಿತ್ತು, ಮೀನು ಬದಲಾಗಿತ್ತು, ಒಬ್ಬನ ಮೂತ್ರಪಿಂಡ ಇನ್ನೊಬ್ಬನಿಗೆ ದುಡಿಯುವ ಕಾಲ ಬಂದಿತ್ತು. ಮಾಸ್ತಮ್ಮನ ಮನೆಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಹಿಂದಿನ ಜಗಲಿಯಲ್ಲಿ ಕೂರುವುದು ಮಾತ್ರ ಬದಲಾಗಿರಲಿಲ್ಲ. ಅವಳ ತಟ್ಟೆ ಬೇರೆ, ಚಾಪೆ ಬೇರೆ. ಅವಳ ಹತ್ತಿರ ಯಾರೂ ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದೂ ಕಡಿಮೆ. ಬಲೆಗೆ ಆಗಿಬರುವುದಿಲ್ಲ ಎಂದು ಹಿಂದಿನವರು ಮಾಡಿದ್ದು. ಭಾಸ್ಕರ ಬಲೆ ಮುಟ್ಟಿ ಎಷ್ಟೋ ವರ್ಷವಾಗಿದ್ದರೂ ಪದ್ಧತಿ ಅದರ ಪಾಡಿಗೆ ನಡೆಯುತ್ತಿತ್ತು. ತಾನು ವಿಜ್ಞಾನ ಓದಿದವನು, ಇದನ್ನೆಲ್ಲ ನಂಬುವುದಿಲ್ಲ ಎಂದು ಅವನು ಹೊರಗೆ ಹೇಳುವುದಿತ್ತು. ಮನೆಯಲ್ಲಿ ಅಮ್ಮನ ಬಾಯಿಗೆ ಬೀಳುವುದು ಯಾಕೆಂದು ಸುಮ್ಮನಿರುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ.

ಎರಡನೆಯ ದಿನ ಅವನು ಹಿತ್ತಲಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಾಗ ಜಗಲಿಯ ಮೂಲೆಯಿಂದ ಯಮುನಾ ಕರೆದಳು. "ಹೋಯ್, ಒಂದು ಮಾತಿತ್ತು."

"ಇವತ್ತು ಆಸ್ಪತ್ರೆಯವ್ರು ಬರ್ತ್ರು, ಬಿಡುವಿಲ್ಲ. ನಾಳೆ ಹೇಳು."

ಅವಳ ಕಡೆ ತಿರುಗಿ ನೋಡಿರಲಿಲ್ಲ. ನೋಡಿದ್ದರೆ ಅವಳ ಕಣ್ಣಿನ ಬಿಳಿ ಅರಿಶಿನವಾಗಿದ್ದು ಕಾಣುತ್ತಿತ್ತು. ನೂರಾರು ಕಣ್ಣುಗಳನ್ನು ರೆಪ್ಪೆ ಎತ್ತಿ ನೋಡಿದವನು ಅವನು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಕೇಂದ್ರದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಒಂದು ತಂಡಕ್ಕೆ ಪಾಠ ಹೇಳುತ್ತಿದ್ದ. ಮೂತ್ರದ ಬಣ್ಣ ನೋಡಿ ರೋಗವನ್ನು ಮೊದಲ ದಿನವೇ ಹೇಗೆ ಹಿಡಿಯುವುದು ಎಂಬುದು ಪಾಠದ ವಿಷಯ. ಮಾಸ್ತಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

"ಭಾಸ್ಕರಾ, ಯಮುನಾ ಮೀಯೂಕೆ ಏಳ್ತಾ ಇಲ್ಲ. ನೀರು ಕಾಸಿಟ್ಟೆ, ಎಷ್ಟು ಕರೆದ್ರೂ ಏಳುದಿಲ್ಲ. ಕಾಲು ನೋಡಿರೆ ಊದಿ ಕಂಬ ಆಗಿದೆ."

ಅವನು ಓಡಿದ. ಹಿಂದಿನ ಜಗಲಿಯಲ್ಲಿ ಯಮುನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುಖ ಬಾತಿತ್ತು. ತುಟಿ ಬಿಳಚಿಕೊಂಡಿತ್ತು. ಉಸಿರಿನಲ್ಲಿ ಒಂದು ವಾಸನೆ ಇತ್ತು, ಆ ವಾಸನೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಮನೆಗಳಲ್ಲಿ ಅದನ್ನು ಬಾಗಿಲಲ್ಲೇ ಗುರುತಿಸುತ್ತಿದ್ದ.

"ಒಂದಕ್ಕೆ ಹೋಗಿ ಎಷ್ಟು ಹೊತ್ತಾಯ್ತು?" ಎಂದು ಕೇಳಿದ.

ಅವಳು ಸೀರೆಯನ್ನು ಕಾಲ ಮೇಲೆ ಎಳೆದುಕೊಂಡಳು. "ನಿನ್ನೆ ಬೆಳಿಗ್ಗೆ ಇಷ್ಟೇ ಇಷ್ಟು. ಆಮೇಲೆ ಇಲ್ಲ."

ಅವನು ಸೀರೆ ಸರಿಸಿದ. ಮಂಡಿಯ ಮೇಲಿಂದ ತೊಡೆಯ ತನಕ ಚಾಟಿಯಲ್ಲಿ ಹೊಡೆದಂಥ ನಾಲ್ಕಾರು ಗೆರೆಗಳು, ಕಪ್ಪಾಗಿ ಒಣಗಿದ್ದವು. ಬಲೆಯಲ್ಲಿ ಸಿಕ್ಕಿ ಹರಿದ ನೀಲಿಬಾಲದ ತುಂಡುಗಳು ಸತ್ತ ಮೇಲೂ ಬಡಿಯುತ್ತವೆ ಎಂದು ಅವನು ಎಷ್ಟು ಸಲ ಭಾಷಣ ಮಾಡಿಲ್ಲ! ಆ ಬಲೆಗಳನ್ನು ಮಡಿಲ ಮೇಲೆ ಎಳೆದುಕೊಂಡು ಮೀನು ಬಿಡಿಸುವವರು ಹೆಂಗಸರು.

"ಯಾವತ್ತು ಬಡಿದದ್ದು?"

"ನೀವು ತಾಂಡೇಲರಿಗೆ ಕೂತ್ರಲ್ಲ, ಆವತ್ತೇ. ಹೇಳೂಕೆ ಬಂದಿದ್ದೆ."

ಭಾಸ್ಕರನಿಗೆ ಬಾಗಿಲ ದಾರಂದ ಹಿಡಿದಿದ್ದ ಕೈ ಕಣ್ಣಿಗೆ ಕಟ್ಟಿತು. ಅವಳು ಬಂದದ್ದು ನೋಡಲಿಕ್ಕಲ್ಲ, ದಾರಂದ ಹಿಡಿದದ್ದು ಬೀಳಬಾರದೆಂದು.

"ಕೆಂಪು ಕಂಡಾಗಾದ್ರೂ ಹೇಳುದಲ್ದಾ ಯಮುನಾ? ಬಣ್ಣ ಗೊತ್ತಾಗ್ಲಿಲ್ವಾ ನಿಂಗೆ?"

ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ಕೋಪ ಮಾಡಿಕೊಳ್ಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಮುಟ್ಟು ಅಂದ್ಕಂಡೆ. ದಿನಕ್ಕೆ ಮುಂಚೆ ಬಂತಲ್ಲ ಅಂದ್ಕಂಡೆ. ಹೆಂಗಸ್ರಿಗೆ ಕೆಂಪು ಕಂಡ್ರೆ ಇನ್ನೆಂತ ನೆನಪಾಗ್ತದೆ ಹೇಳಿ?"

ಬಣ್ಣದ ಪಟ್ಟಿ ಗಂಡಸರ ಮೂತ್ರಿಯಲ್ಲಿತ್ತು. ಬಂದರಿನಲ್ಲಿ ಹೆಂಗಸರಿಗೆ ಮೂತ್ರಿಯೇ ಇರಲಿಲ್ಲ. ಕೆಂಪು ಕಂಡರೆ ನನ್ನ ಹತ್ತಿರ ಬಾ ಎಂಬ ಮಾತು ತಿಂಗಳು ತಿಂಗಳು ಕೆಂಪು ಕಾಣುವವರ ಮಟ್ಟಿಗೆ ಎಷ್ಟು ದಡ್ಡತನದ್ದು ಎಂದು ಅವನಿಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು, ಮತ್ತು ಅವನ ಮುಖ ಬಿಸಿಯಾಯಿತು. ಹಿಂದೆ ನಿಂತ ಮಾಸ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ನಾನೇ ಹೊರಗೆ ಕೂರ್ಸಿದೆ. ಅದು ಅನ್ನ ಬೇಡ ಅಂತು, ಸೊಕ್ಕು ಅಂದ್ಕಂಡೆ ನಾನು" ಎಂದಳು.

ಚಾಪೆ ಸಮೇತ ಎತ್ತಿ ಅವಳನ್ನು ಕೇಂದ್ರಕ್ಕೆ ತಂದರು. ವಿದ್ಯಾರ್ಥಿಗಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಪರೀಕ್ಷೆಯ ಅಂಕಿಗಳು ಪರದೆಗೆ ಬಂದ ಕೂಡಲೇ ಡಾಕ್ಟರ್ ಝೀನತ್ ಮುಂದಕ್ಕೆ ಬಾಗಿದರು.

"ಪೊಟ್ಯಾಸಿಯಂ ತುಂಬ ಏರಿದೆ ಭಾಸ್ಕರ್. ಈ ಸ್ಥಿತಿಯಲ್ಲಿ ಸಾಗಿಸಿದರೆ ದಾರಿಯಲ್ಲೇ ಹೃದಯ ನಿಲ್ಲಬಹುದು. ನಾನು ಹೇಳುವ ಇಂಜೆಕ್ಷನ್ ಕೊಡಿ, ಸ್ವಲ್ಪ ಹೊತ್ತು ತಡೀತದೆ. ರಕ್ತದ ಬಾಟಲಿ ಕಳಿಸ್ತಾ ಇದ್ದೇನೆ. ಆದರೆ ಸಂಜೆಯೊಳಗೆ ಯಾರನ್ನಾದರೂ ಪಕ್ಕದಲ್ಲಿ ಕೂರಿಸಲೇಬೇಕು."

ಭಾಸ್ಕರ ಆಗಲೇ ತನ್ನ ಬೆರಳನ್ನು, ಕೂರುವವರ ರಕ್ತ ಪರೀಕ್ಷಿಸುವ ಪೆಟ್ಟಿಗೆಯ ಚಿಮಟದೊಳಗೆ ಇಟ್ಟಿದ್ದ. ಕೆಂಪು ದೀಪ ಹೊತ್ತಿಕೊಂಡಿತು. ವಿಶ್ರಾಂತಿಯ ಅವಧಿ ಮುಗಿದಿಲ್ಲ. ಬೆರಳು ಒರೆಸಿ ಮತ್ತೆ ಇಟ್ಟ. ಮತ್ತೆ ಕೆಂಪು.

"ಮೇಡಂ, ನನ್ನ ಹಿಂದಿನ ದಾಖಲೆ ಅಳಿಸ್ತೇನೆ. ನನಗೆ ಏನೂ ಆಗುವುದಿಲ್ಲ."

"ತಾಂಡೇಲರ ಮೈಯಲ್ಲಿದ್ದದ್ದನ್ನು ನಿಮ್ಮ ಮೂತ್ರಪಿಂಡ ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. ಈಗ ಕೂತರೆ ಯಮುನಾ ಅವರ ವಿಷ ಇಳಿಯುವುದಿಲ್ಲ, ನಿಮ್ಮ ಮೂತ್ರಪಿಂಡವೂ ನಿಲ್ಲುತ್ತದೆ. ಒಂದರ ಬದಲು ಎರಡು ಹೆಣ. ನಾನು ಒಪ್ಪುವುದಿಲ್ಲ." ಡಾಕ್ಟರು ತಡೆದು ಕೇಳಿದರು, "ಅವತ್ತು ಶಂಕರ ತಯಾರಾಗಿ ನಿಂತಿದ್ದನಲ್ಲ? ನೀವು ಯಾಕೆ ಕೂತಿರಿ?"

ಟಿವಿಯವರು ಬಂದಿದ್ದರು ಎಂದು ಹೇಳಲು ಬಾಯಿ ಬರಲಿಲ್ಲ. ತನ್ನ ಎಡಗೈಯ ಮೇಲೆ ಇನ್ನೂ ಮಾಸದ ಸೂಜಿಯ ಕಲೆಯನ್ನು ಅವನು ಅಂಗಿಯ ತೋಳು ಎಳೆದು ಮುಚ್ಚಿಕೊಂಡ.

"ಬಿಡಿ. ನಾನೂ ಒಂದು ಕೇಳಬೇಕಿತ್ತು, ಕೇಳಲಿಲ್ಲ" ಎಂದರು ಡಾಕ್ಟರು. "ಇಷ್ಟು ದಿನದಲ್ಲಿ ನಿಮ್ಮ ಕೇಂದ್ರಕ್ಕೆ ರೋಗಿಯಾಗಿ ಒಬ್ಬ ಹೆಂಗಸೂ ಯಾಕೆ ಬರಲಿಲ್ಲ ಅಂತ. ಹೋಗಿ, ಜನ ಹುಡುಕಿ."

ಮಾಸ್ತಮ್ಮ ತಾನು ಕೂರುತ್ತೇನೆಂದು ಕೈ ಚಾಚಿದಳು. ಸಕ್ಕರೆ ಕಾಯಿಲೆಯವಳು, ಪೆಟ್ಟಿಗೆ ಅವಳನ್ನೂ ಒಪ್ಪಲಿಲ್ಲ. ಕೂರಲು ಇಪ್ಪತ್ತೊಂದು ತುಂಬಿರಬೇಕು, ವಿದ್ಯಾರ್ಥಿಗಳಿಗೆ ಇನ್ನೂ ಅಷ್ಟು ವಯಸ್ಸಾಗಿರಲಿಲ್ಲ. ಭಾಸ್ಕರ ಕೇರಿಗೆ ಓಡಿದ. ಮೊದಲು ಶಂಕರನ ಮನೆ. ಅವನ ಹೆಂಡತಿ ಹೊಸ್ತಿಲಲ್ಲೇ ನಿಂತು, "ಅವ್ರು ಬೆಳಗಾಗೂಕೆ ಮೊದ್ಲೇ ಕಡಲಿಗೆ ಹೋದ್ರು. ಇನ್ನು ವಾರ ಕಳೆದೇ ಬರುದು" ಎಂದಳು. ಹೆಚ್ಚಿನ ಬೋಟುಗಳೆಲ್ಲ ಆಳಕಡಲಿಗೆ ಹೋದ ಹೊತ್ತು ಅದು. ಮನೆಯಲ್ಲಿ ಉಳಿದಿದ್ದ ಗಂಡಸರನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು.

ಕುಪ್ಪಯ್ಯ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ. ಗಟ್ಟಿಮುಟ್ಟಾದ ಆಳು. ಭಾಸ್ಕರ ಹೇಳಿದ್ದನ್ನೆಲ್ಲ ಕೇಳಿ ತಲೆ ತಗ್ಗಿಸಿದ. "ಯಾವ ಬೋಟಿಂದು ಅಂತ ನಾನು ಕೂರುದು ಭಾಸ್ಕರಾ? ನಮ್ಮ ಬೋಟಿನವಂಗೆ ಬಡಿದ್ರೆ ನಾಳೆ ಯಾರು ಕೂರುದು?"

"ಬೋಟು ಬಿಡು ಮಾರಾಯ. ಜೀವದ ಪ್ರಶ್ನೆ."

"ಅದಲ್ದೇ... ನೀ ತಪ್ಪು ತಿಳ್ಕಬೇಡ. ಬೇರೆಯವ್ರ ಹೆಂಡ್ತಿ ಮಗ್ಗುಲಲ್ಲಿ ನಾಲ್ಕು ತಾಸು ನಳಿಗೆ ಕಟ್ಕಂಡು ಕೂರೂಕೆ ಆಗ್ತದಾ? ಅದೂ ಹೊರಗಾದದ್ದು ಅಂತ ಕೇಳ್ದೆ."

ಭಾಸ್ಕರನಿಗೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಕುಪ್ಪಯ್ಯನ ಹೆಂಡತಿಗೆ ಬಡಿದು, ಕುಪ್ಪಯ್ಯ ತನ್ನ ಅಂಗಳಕ್ಕೆ ಬಂದು ನಿಂತಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆ, ಬಹುಶಃ ಇನ್ನೂ ನಯವಾದ ಮಾತಿನಲ್ಲಿ. ಸಿಟ್ಟು ಅಲ್ಲೇ ಇಳಿದುಹೋಯಿತು. ಮುಂದಿನ ಎರಡು ಮನೆಗಳಲ್ಲಿ ಒಬ್ಬ ಕುಡಿದು ಮಲಗಿದ್ದ, ಇನ್ನೊಬ್ಬ ಹೋದ ವಾರವಷ್ಟೇ ಬೇರೆಯವನಿಗೆ ಕೂತಿದ್ದ.

ಇನ್ನು ಉಳಿದದ್ದು ಶೆಡ್ಡು. ಅಲ್ಲಿಗೆ ಹೋಗಲು ಅವನ ಕಾಲೇ ಏಳಲಿಲ್ಲ.

ಅದಕ್ಕೆ ಕಾರಣವಿತ್ತು. ಮಳೆಗಾಲಕ್ಕೆ ಮೊದಲು ಮೀನು ಆರಿಸುವ ಹೆಂಗಸರು ಒಂದು ಗುಂಪಾಗಿ ಕೇಂದ್ರಕ್ಕೆ ಬಂದಿದ್ದರು. ಅವರ ಮುಂದಾಳು ಗುಲಾಬಿ, ಯಮುನಾಳ ಜೊತೆ ಒಂದೇ ಬುಟ್ಟಿಗೆ ಮೀನು ಹಾಕುವವಳು. "ನಮ್ಮ ರಕ್ತವೂ ಒಂದ್ಸಲ ನೋಡ್ರಾ, ನಾವೂ ಕೂರ್ತೆವು" ಎಂದು ಕೇಳಿದ್ದಳು. ಭಾಸ್ಕರ ನಕ್ಕುಬಿಟ್ಟಿದ್ದ. "ನಿಮ್ಮ ಮೈಯಲ್ಲಿ ರಕ್ತ ಎಲ್ಲುಂಟು ಮಾರಾಯ್ತಿ? ಪೆಟ್ಟಿಗೆ ನನ್ನ ಬಯ್ತದೆ" ಎಂದಿದ್ದ. ಅಲ್ಲಿದ್ದ ಗಂಡಸರೆಲ್ಲ ನಕ್ಕಿದ್ದರು. ಯಮುನಾ ಆ ಗುಂಪಿನ ಹಿಂದೆ ಇದ್ದಳು. ಮನೆಗೆ ಬಂದ ಮೇಲೆ ಅವಳು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಮೀನು ಆರಿಸುತ್ತಿದ್ದರು. ಅವನು ಬಂದು ನಿಂತದ್ದು ಕಂಡು ತಲೆಯೆತ್ತಿದರು. ಬಂದರಿನ ಯಾವ ಗಂಡಸನ್ನು ಬೇಕಾದರೂ ನಿಲ್ಲಿಸಿ ಮೂತ್ರದ ಬಣ್ಣ ಕೇಳುತ್ತಿದ್ದವನ ನಾಲಿಗೆ ಅಲ್ಲಿ ಒಣಗಿತು.

"ಯಮುನಂಗೆ... ನಾಲ್ಕು ದಿನ ಆಯ್ತು. ನೀಲಿಬಾಲ. ನಂಗೆ ಗೊತ್ತಾಗ್ಲಿಲ್ಲ" ಎಂದ. "ಒಂದಕ್ಕೆ ನಿಂತುಹೋಗಿದೆ. ಅದು ಹೊರಗಾಗಿದ್ದಲ್ಲ. ಅದು ಯಮುನಂಗೂ ತಿಳೀಲಿಲ್ಲ, ನಾನೂ ನೋಡ್ಲಿಲ್ಲ. ನಾನು ಕೂರುವ ಹಾಂಗಿಲ್ಲ. ಯಾರಾದ್ರೂ ಬರ್ತ್ರಾ?"

ಗುಲಾಬಿ ಎದ್ದಳು. ಅವಳು ಏನಾದರೂ ಅನ್ನುತ್ತಾಳೆ ಎಂದು ಅವನು ಕಾದ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬಕೆಟ್ಟಿನ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅವನಿಗಿಂತ ಮುಂದಾಗಿ ನಡೆದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು ಬುಟ್ಟಿ ಬಿಟ್ಟು ಎದ್ದರು.

ಮೊದಲು ಬೆರಳಿಟ್ಟ ಶಾರದೆಗೆ ರಕ್ತ ಸಾಲದು ಎಂದು ಪೆಟ್ಟಿಗೆ ಹೇಳಿತು. ಅವಳ ತಂಗಿಗೂ ಸಾಲದು. ಆಮೇಲಿನವಳಿಗೂ ಸಾಲದು. ತಾನು ನಗೆಗಾಗಿ ಆಡಿದ ಮಾತು ಒಬ್ಬೊಬ್ಬರ ಮೇಲೂ ನಿಜವಾಗುತ್ತ ಹೋದದ್ದನ್ನು ಭಾಸ್ಕರ ನಿಂತು ನೋಡಿದ. ಕಬ್ಬಿಣದ ಮಾತ್ರೆಗಳ ಡಬ್ಬಿಗಳು ಕೇಂದ್ರದ ಕಪಾಟಿನಲ್ಲೇ ಇದ್ದವು. ಬೋಟಿಗೆ ಹೋಗುವವರಿಗೆಂದು ಬಂದವು. ಅವುಗಳನ್ನು ಹೆಂಗಸರಿಗೆ ಕೊಡಬೇಡ ಎಂದು ಯಾರೂ ಹೇಳಿರಲಿಲ್ಲ.

ಗುಲಾಬಿಯ ಸರದಿಗೆ ಹಸಿರು ದೀಪ ಹೊತ್ತಿತು. "ನನ್ನಲ್ಲಿ ಉಂಟು ಅಂತಾಯ್ತು" ಎಂದು ಅವಳು ಎರಡನೆಯ ಕುರ್ಚಿಯಲ್ಲಿ ಕೂತಳು.

ಸೂಜಿ ಚುಚ್ಚುವಾಗ ಅವಳ ಮೊಣಕೈ ಮೇಲೆ ಹಳೆಯ ಗೆರೆಗಳು ಕಂಡವು. ಯಮುನಾಳ ತೊಡೆಯ ಮೇಲಿನಂಥವೇ. "ಇದು ಯಾವಾಗ?" ಎಂದ.

"ಹೋದ ವರ್ಷ. ಇಲ್ಲಿರೋ ಎಲ್ಲರಿಗೂ ಉಂಟು. ನಮ್ಮ ಪುಣ್ಯ, ಕಡಿಮೆ ತಾಗಿದ್ದು, ಇಳೀತು. ಸುಶೀಲಂಗೆ ಇಳೀಲಿಲ್ಲ."

ಸುಶೀಲ ಹೋದ ಮಳೆಗಾಲದ ನಂತರ ತೀರಿಕೊಂಡ ಹೆಂಗಸು. ಕಾಮಾಲೆ ಎಂದು ಊರೆಲ್ಲ ಹೇಳಿತ್ತು. ಭಾಸ್ಕರನೂ ಅವಳ ಮನೆಗೆ ಹೋಗಿ ಕೂತು, ಕಾಮಾಲೆಗೆ ಔಷಧಿ ತಡ ಮಾಡಬಾರದು ಎಂದು ನಾಲ್ಕು ಮಾತು ಹೇಳಿ ಬಂದಿದ್ದ. ಆ ಮನೆಯವರು ಅವನಿಗೆ ಚಹಾ ಕೊಟ್ಟಿದ್ದರು.

ಪಂಪು ಸಣ್ಣಗೆ ಗುಂಯ್‌ಗುಡತೊಡಗಿತು. ನಳಿಗೆಗಳಲ್ಲಿ ಎರಡು ಕೆಂಪು, ಒಂದು ಗಾಢ, ಒಂದು ತೆಳು, ಎದುರುಬದುರಾಗಿ ಹೊರಟವು. ಯಮುನಾಳ ರಕ್ತ ನೀರು ಬೆರೆಸಿದ ಹಾಗೆ ಕಾಣುತ್ತಿತ್ತು. ಮೊದಲ ತಾಸು ಪರದೆಯ ಅಂಕಿ ಇಳಿಯಲೇ ಇಲ್ಲ. ಭಾಸ್ಕರ ಅದನ್ನೇ ನೋಡುತ್ತ ನಿಂತಿದ್ದ. ಅವನಿಗೆ ಪ್ರಾರ್ಥನೆ ಮಾಡುವ ಅಭ್ಯಾಸ ತಪ್ಪಿತ್ತು; ಮಾಡಿದರೂ ಯಾವ ಮುಖ ಇಟ್ಟುಕೊಂಡು ಮಾಡುವುದು ಎನಿಸಿತು. ಎರಡನೆಯ ತಾಸಿನಲ್ಲಿ ಅಂಕಿ ಒಂದಿಷ್ಟು ಇಳಿಯಿತು. ಗುಲಾಬಿಗೆ ಚಳಿ ಹತ್ತಿ ಹಲ್ಲು ಕಟಕಟ ಎನ್ನತೊಡಗಿತು. ಹೆಂಗಸರು ತಮ್ಮ ಸೆರಗು, ಟವೆಲು, ಸಿಕ್ಕಿದ್ದನ್ನೆಲ್ಲ ತಂದು ಅವಳಿಗೆ ಹೊದಿಸಿದರು. ಮೀನಿನ ವಾಸನೆ ಕೇಂದ್ರದ ತುಂಬ ಹರಡಿತು.

"ತಪ್ಪಾಯ್ತು ಗುಲಾಬಕ್ಕ" ಎಂದ ಭಾಸ್ಕರ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ.

"ಈಗ ಅದು ಎಂತಕ್ಕೆ? ಪಂಪು ನೋಡು ನೀನು" ಎಂದಳು ಗುಲಾಬಿ ಗಟ್ಟಿಯಾಗಿ.

ಹೊತ್ತು ಮುಳುಗುವ ಮೊದಲು ಡಾಕ್ಟರ್ ಝೀನತ್ ಪರದೆಯಲ್ಲಿ ತಲೆಯಾಡಿಸಿದರು. ಇವತ್ತಿಗೆ ಉಳಿದರು ಎಂದರು. ಇನ್ನೂ ಎಷ್ಟು ಸಲ ಕೂರಿಸಬೇಕಾಗುತ್ತದೋ ಹೇಳಲಾಗದು, ಮೂತ್ರಪಿಂಡ ಎದ್ದರೂ ಏಳಬಹುದು, ಏಳದೆಯೂ ಇರಬಹುದು ಎಂದೂ ಹೇಳಿದರು. ಯಮುನಾ ಕಣ್ಣು ತೆರೆದು ಮೊದಲು ಗುಲಾಬಿಯ ಕಡೆ ತಿರುಗಿದಳು. "ನಿಂಗೆ ಚಳಿಯಾ?" ಎಂದು ಕೇಳಿದಳು.

ಎಲ್ಲರೂ ಹೋದ ಮೇಲೆ ಭಾಸ್ಕರ ಹೊರಗೆ ಬಂದು ಸೊನ್ನೆಯ ಹಲಗೆಯನ್ನು ಕಳಚಿದ. ಒಂದು ಎಂದು ಬರೆಯಲು ಸುಶೀಲಳ ಹೆಸರು ಸಾಕಿತ್ತು. ಆದರೆ ಒಂದೇ ಎಂದು ಬರೆಯಲು ಅವನಿಗೆ ಧೈರ್ಯವಿರಲಿಲ್ಲ. ಎಷ್ಟು ಕಾಮಾಲೆಗಳು ನಿಜವಾಗಿ ಕಾಮಾಲೆಯೋ ಯಾರಿಗೆ ಗೊತ್ತು! ಹಲಗೆಯನ್ನು ಒಳಗೆ ತಂದು ಕಪಾಟಿನ ಹಿಂದೆ ಇಟ್ಟ.

ಆಮೇಲಿನ ವಾರಗಳಲ್ಲಿ ಯಮುನಾಳಿಗೆ ಬೇರೆ ಬೇರೆಯವರು ಕೂತರು. ಕಬ್ಬಿಣದ ಮಾತ್ರೆ ನುಂಗಿ ರಕ್ತ ಏರಿಸಿಕೊಂಡ ಶೆಡ್ಡಿನ ಇಬ್ಬರು, ಬೋಟು ತಿರುಗಿ ಬಂದ ಮೇಲೆ ಶಂಕರ, ಆಮೇಲೆ ತಾನಾಗಿ ಬಂದು ಮುಖ ತಗ್ಗಿಸಿಕೊಂಡು ಕೂತ ಕುಪ್ಪಯ್ಯ. ಬೋಟಿನ ನಿಯಮವನ್ನು ಊರು ಕೂತು ಬದಲಾಯಿಸಿತು: ಯಾರಿಗೆ ಬಡಿದರೂ ಪೆಟ್ಟಿಗೆ ಒಪ್ಪಿದವರು ಕೂರಬೇಕು. ಶೆಡ್ಡಿನ ಹಿಂದೆ ಹೆಂಗಸರಿಗೆ ಬಾಗಿಲಿರುವ ಮೂತ್ರಿ ಕಟ್ಟಿದರು. ಅಲ್ಲಿ ಬಣ್ಣದ ಪಟ್ಟಿ ಸಾಲದೆಂದು ಭಾಸ್ಕರ ಒಂದು ಪರೀಕ್ಷೆಯ ಕಾಗದವನ್ನೂ ಇಟ್ಟ; ಮುಟ್ಟಿನ ಕೆಂಪು ಯಾವುದು, ವಿಷದ ಕೆಂಪು ಯಾವುದು ಎಂದು ಅದು ಹೇಳುತ್ತಿತ್ತು. ಅದನ್ನು ಹೆಂಗಸರಿಗೆ ವಿವರಿಸಿದ್ದು ಡಾಕ್ಟರ್ ಝೀನತ್, ಖುದ್ದಾಗಿ ಬಂದು. ಮಾಸ್ತಮ್ಮ ಹಿಂದಿನ ಜಗಲಿಯ ಚಾಪೆಯನ್ನು ಸುಟ್ಟಳು. ಪದ್ಧತಿ ಬಿಟ್ಟೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಚಾಪೆಗೆ ಹುಳ ಹಿಡಿದಿತ್ತು ಎಂದಳು.

ಯಮುನಾ ಎದ್ದು ಓಡಾಡುವಷ್ಟಾದಳು. ಮೂತ್ರ ಸ್ವಲ್ಪ ಸ್ವಲ್ಪವಾಗಿ ಬರತೊಡಗಿತ್ತು. ಮೂತ್ರಪಿಂಡ ಪೂರ್ತಿ ಏಳಲು ಇನ್ನೂ ಒಂದೆರಡು ಸಲ ಕೂರಿಸುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಅಷ್ಟು ಹೊತ್ತಿಗೆ ಭಾಸ್ಕರನ ವಿಶ್ರಾಂತಿಯ ತಿಂಗಳು ಮುಗಿದಿತ್ತು. ಅವನು ಆ ದಿನಕ್ಕೆ ಕಾದಿದ್ದ. ತಿಂಗಳೆಲ್ಲ ನೀರು ಕುಡಿದು, ಉಪ್ಪು ಬಿಟ್ಟು, ಪರೀಕ್ಷೆಯ ಹುಡುಗನಂತೆ ತಯಾರಾಗಿದ್ದ. ಯಂತ್ರ ನೋಡಿಕೊಳ್ಳಲು ಜಿಲ್ಲಾ ಕೇಂದ್ರದಿಂದ ಬೇರೆಯವರನ್ನೂ ಕರೆಸಿದ್ದ. ಬೆಳಿಗ್ಗೆ ಮಿಂದು ಬಂದು ಚಿಮಟದಲ್ಲಿ ಬೆರಳಿಟ್ಟ. ಹಸಿರು ದೀಪ ಹೊತ್ತಿತು. ಅವನಿಗೆ ಅಳುವೇ ಬಂದ ಹಾಗಾಯಿತು.

"ಇವತ್ತು ನಾನು ಕೂರ್ತೆ ಯಮುನಾ" ಎನ್ನುತ್ತ ಎರಡನೆಯ ಕುರ್ಚಿಯಲ್ಲಿ ಕೂತ.

ಗುಲಾಬಿಯೂ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ತಿಂಗಳೂ ಮುಗಿದಿತ್ತು. ಯಮುನಾ ಅವಳನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಬೇಡ. ಗುಲಾಬಿ ಕೂರ್ಲಿ."

"ನಂದು ಹಸಿರು ಬಂತಲ್ಲ, ನೋಡಿದ್ಯಲ್ಲ?"

"ನೋಡಿದೆ." ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಅವನನ್ನು ನೋಯಿಸಬಾರದೆಂದು ಅವಳು ಮಾತು ಹುಡುಕುತ್ತಿದ್ದಳು. ಅದೇ ಅವನಿಗೆ ಹೆಚ್ಚು ನೋವಾಯಿತು. "ಮಧ್ಯದಲ್ಲಿ ಮೈಗೆ ಎಂತಾದ್ರೂ ಆದ್ರೆ ಪಕ್ಕದವ್ರಿಗೆ ಹೇಳ್ಬೇಕಲ್ದಾ? ಹೊಟ್ಟೆ ಹಿಡೀತದೆ, ಒಂದಕ್ಕೆ ಬಂದ ಹಾಂಗೆ ಆಗ್ತದೆ, ಎಂತೆಂತದೋ ಆಗ್ತದೆ. ಗುಲಾಬಿ ಹತ್ರ ಆದ್ರೆ ಹೇಳ್ತೆ."

"ನನ್ನ ಹತ್ರ ಹೇಳು. ನಂಗೆ ಹೇಳೂಕೆ ಎಂತ ನಾಚಿಕೆ?"

ಯಮುನಾ ತಲೆ ತಗ್ಗಿಸಿದಳು. "ಗೊತ್ತಿಲ್ಲ. ಮದುವೆ ಆದಾಗಿಂದ ಒಂದಿವ್ಸವೂ ಕೇಳ್ದವ್ರಲ್ಲ ನೀವು. ಈಗ ಕೇಳ್ತ್ರಿ, ನಿಜ. ಆದ್ರೆ ನಂಗೆ ಬಾಯಿ ಬರೂದಿಲ್ಲ."

ಭಾಸ್ಕರ ಎರಡನೆಯ ಕುರ್ಚಿಯಿಂದ ಎದ್ದ. ಗುಲಾಬಿ ಅವನ ಮುಖ ನೋಡದೆ ಬಂದು ಅಲ್ಲಿ ಕೂತು ಕೈ ಚಾಚಿದಳು. ಜಿಲ್ಲಾ ಕೇಂದ್ರದಿಂದ ಬಂದವನು ಮುಂದೆ ಬಂದ. ತಾನೇ ಮಾಡುತ್ತೇನೆಂದು ಭಾಸ್ಕರ ಅವನನ್ನು ತಡೆದ. ಕೈ ತೊಳೆದುಕೊಂಡು, ಗುಲಾಬಿಯ ನರ ಹುಡುಕಿ, ಒಂದೇ ಸಲಕ್ಕೆ ಸೂಜಿ ಚುಚ್ಚಿದ. ಅವಳಿಗೆ ನೋವಾಗಲಿಲ್ಲ. ಆ ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು.